ಆಂಕಿ ಆಪ್‌ನಲ್ಲಿ ಹೃದಯದ ಪಾಠ: ಒಂದು ವರ್ಷ ಬಳಸಿದ ಮೇಲೆ

ಕಾರ್ಡಿಯಾಲಜಿ ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ರಾತ್ರಿ ಓದಿದ ಮರ್ಮರ್ (ಬಡಿತಗಳ ನಡುವೆ ಕೇಳುವ ಹೃದಯದ ಸದ್ದು) ಬೆಳಗ್ಗೆ ವಾರ್ಡಿಗೆ ಹೋಗುವಷ್ಟರಲ್ಲಿ ಮಾಯ. ಸೀನಿಯರ್ ಅಕ್ಕ ಒಬ್ಬರು ಆಂಕಿ ಹಾಕಿಕೋ ಅಂದರು.

ಇದು ಫ್ಲ್ಯಾಶ್‌ಕಾರ್ಡ್ ಆಪ್. ನೆನಪಾದ ಕಾರ್ಡ್ ಕೆಲವು ದಿನ ಬಿಟ್ಟು, ಆಮೇಲೆ ಇನ್ನೂ ತಡವಾಗಿ ಬರುತ್ತದೆ. ಮರೆತದ್ದು ಕೂಡಲೇ ವಾಪಸ್ ಬಂದು ಕಾಡುತ್ತದೆ. ಆಂಡ್ರಾಯ್ಡ್, ಕಂಪ್ಯೂಟರಿನಲ್ಲಿ ಪುಕ್ಕಟೆ, ಐಫೋನಿನಲ್ಲಿ ದುಡ್ಡು ಕೊಡಬೇಕು. ಕಾರ್ಡ್ ಓದಲು ಇಂಟರ್ನೆಟ್ ಬೇಡ, ಕೊಡಗಿನವರಿಗೆ ಅದೇ ದೊಡ್ಡ ಅನುಕೂಲ ಅಲ್ವಾ? ಜುಲೈ ಮಳೆಯಲ್ಲಿ ನಾಪೋಕ್ಲು ಕಡೆ ಮನೆಗೆ ಹೋದರೆ ಮರ ಬಿದ್ದು ಕರೆಂಟ್ ಹೋಗಿ, ಟವರೂ ಕೈಕೊಟ್ಟು, ವಿಡಿಯೋ ನೋಡುವ ಮಾತೇ ಇಲ್ಲ, ಅಂಥ ದಿನವೂ ಒಲೆ ಮುಂದೆ ಕೂತು ನಲವತ್ತು ಕಾರ್ಡ್ ಮುಗಿಸಿದ್ದೇನೆ.

ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಇಸಿಜಿಯ ಲೆಕ್ಕಕ್ಕಂತೂ ಬಹಳ ಚೆನ್ನಾಗಿದೆ. ಅದರ ಕಾಗದದ ಸಣ್ಣ ಚೌಕ 0.04 ಸೆಕೆಂಡ್, ದೊಡ್ಡದು 0.2. ಲಯ ಸರಿಯಿದ್ದರೆ 300 ಅನ್ನು ಎರಡು ಆರ್‌ಗಳ (ಪ್ರತಿ ಬಡಿತದ ಎತ್ತರದ ಮೊನೆ) ನಡುವಿನ ದೊಡ್ಡ ಚೌಕಗಳಿಂದ ಭಾಗಿಸಿ, ಹಾರ್ಟ್ ರೇಟ್ ಸಿಕ್ಕಿತು. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.

ಆದರೆ ಮೊದಲ ಮೂರು ತಿಂಗಳು ಸುಮ್ನೆ ಹಾಳಾಯಿತು. ಯಾರೋ ಮಾಡಿಟ್ಟ ಸಾವಿರಾರು ಕಾರ್ಡುಗಳ ಡೆಕ್ ಇಳಿಸಿಕೊಂಡಿದ್ದೆ. ಮೊದಲ ಎರಡು ಪದ ನೋಡಿಯೇ ಉತ್ತರ ಹೇಳುವ ಚಾಳಿ ಬಂತು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗುವ ಮೈಟ್ರಲ್ ಸ್ಟೆನೋಸಿಸ್‌ನಲ್ಲಿ ಓಪನಿಂಗ್ ಸ್ನ್ಯಾಪ್ (ಕವಾಟ ತೆರೆಯುವಾಗಿನ ಸದ್ದು) ಎಸ್2ಗೆ, ಅಂದರೆ ಹೃದಯದ ಎರಡನೇ ಸದ್ದಿಗೆ, ಹತ್ತಿರ ಬಂದರೆ ಏನರ್ಥ ಅಂತ ವಾರ್ಡಿನಲ್ಲಿ ಮೇಡಂ ಕೇಳಿದರು. "ಸಿವಿಯರ್, ಮೇಡಂ" ಅಂದೆ. "ಯಾಕೆ?" ಅಂದರು. ನೆಲ ನೋಡಿದೆ.

ಅವತ್ತೇ ಡೆಕ್ ಅಳಿಸಿ ನನ್ನ ಕಾರ್ಡ್ ನಾನೇ ಬರೆಯತೊಡಗಿದೆ. ನಮ್ಮ ಕೊಟ್ಟಿಗೆ ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಕಚ್ಚಿಕೊಳ್ಳುತ್ತದೆ. ಒಳಗಿನಿಂದ ದನ ಜೋರಾಗಿ ನೂಕಿದಷ್ಟೂ ಬೇಗ 'ಟಕ್' ಅಂತ ತೆರೆಯುತ್ತದೆ. ಕವಾಟವೂ ಹಾಗೇ. ಅದು ಕಿರಿದಾದಷ್ಟೂ ಅದರ ಹಿಂದಿನ ಎಡ ಏಟ್ರಿಯಂನಲ್ಲಿ (ಹೃದಯದ ಎಡ ಮೇಲ್ಕೋಣೆ) ಒತ್ತಡ ಜಾಸ್ತಿ, ಒತ್ತಡ ಜಾಸ್ತಿ ಆದಷ್ಟೂ ಬೇಗ ತೆರೆಯುತ್ತದೆ, ಸ್ನ್ಯಾಪ್ ಎಸ್2ಗೆ ಹತ್ತಿರ ಬರುತ್ತದೆ. ಕಾರ್ಡಿನ ಹಿಂದೆ ಆ ಬಾಗಿಲಿನ ಫೋಟೋವನ್ನೇ ಹಾಕಿದ್ದೇನೆ, ಅವ್ವನಿಗೆ ನಗು ತಡೆಯಲಾಗಲಿಲ್ಲ. ಕ್ಯಾಲ್ಸಿಯಂ ಕಟ್ಟಿ ಕವಾಟ ಬಿಗಿದುಕೊಂಡರೆ ಸ್ನ್ಯಾಪೇ ಕೇಳಿಸದೆ ಹೋಗಬಹುದು, ಅದಕ್ಕೆ ಕೀಲು ತುಕ್ಕು ಹಿಡಿದ ಬಾಗಿಲು.

ದಿನ ತಪ್ಪಿಸಿದರೆ ಬಾಕಿ ಬೆಳೆಯುತ್ತದೆ. ಹುತ್ತರಿಗೆ ಐದು ದಿನ ಮುಟ್ಟದೆ ಬಂದು ತೆರೆದರೆ 430 ಕಾರ್ಡ್ ಕಾಯುತ್ತಿದ್ದವು, ತಪ್ಪು ನನ್ನದೇ. ಇನ್ನು ಕಿವಿಯ ಕೆಲಸ ಬೇರೆ. ಕಾರ್ಡಿಗೆ ಶಬ್ದ ಸೇರಿಸಬಹುದು, ಆದರೂ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಏಪೆಕ್ಸ್ (ಹೃದಯದ ತುದಿ) ಮೇಲೆ ಸ್ಟೆತೊಸ್ಕೋಪಿನ ಬೆಲ್ ಹಗುರವಾಗಿ ಇಟ್ಟು ಕೇಳಬೇಕಾದ ಮೈಟ್ರಲ್ ಸ್ಟೆನೋಸಿಸ್ ಮರ್ಮರಿನ ಆ ಗುಡುಗುಡು ನನಗೆ ಕೇಳಿಸಿದ್ದು ನಾಲ್ಕನೇ ಸಲ, ಅದೂ ಪಕ್ಕದ ಹಾಸಿಗೆಯವರ ಕೆಮ್ಮು ನಿಂತ ಮೇಲೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಐಫೋನ್ ಇರುವವರು ಒಂದು ತಿಂಗಳು ಕಂಪ್ಯೂಟರಿನಲ್ಲಿ ಬಳಸಿ ನೋಡಿ, ಆಮೇಲೆ ದುಡ್ಡು ಹಾಕಿ.