ಮೂವತ್ತು ಸಾವಿರದೊಳಗೆ ಕೊಡಗಿನ ಏರಿಗೆ ಯಾವ ರೋಡ್ ಬೈಕ್?

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಕುಶಾಲನಗರದ ಕಡೆಯಿಂದ ಸುಂಟಿಕೊಪ್ಪ ದಾಟಿ ಬಂದರೆ ಮೂವತ್ತು ಕಿಲೋಮೀಟರಿನಲ್ಲಿ ಮುನ್ನೂರು ಮೀಟರ್ ಚಿಲ್ಲರೆ ಹತ್ತಿದರೆ ಸಾಕು. ಅದೇ ಸಂಪಾಜೆ ಘಾಟಿಯಲ್ಲಾದರೆ ಇನ್ನೂ ಕಡಿಮೆ ದೂರದಲ್ಲಿ ಸಾವಿರ ಮೀಟರಿನ ಹತ್ತಿರ ಹತ್ತಬೇಕು. ಭಾಗಮಂಡಲದಿಂದ 1,276 ಮೀಟರ್ ಎತ್ತರದ ತಲಕಾವೇರಿಗೆ ದೂರ ಬರೀ ಎಂಟು ಕಿಲೋಮೀಟರ್, ಆದರೆ ಉಸಿರು ತೆಗೆದುಕೊಳ್ಳಲು ಸಮತಟ್ಟು ಸಿಗುವುದೇ ಅಪರೂಪ. ಇಂಥ ಜಾಗಕ್ಕೆ ಸೈಕಲ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ತೂಕ. ಕೇಳಬೇಕಾದದ್ದು ಅತಿ ಚಿಕ್ಕ ಗೇರ್ ಯಾವುದು, ಮಳೆಯಲ್ಲಿ ಬ್ರೇಕ್ ಹೇಗೆ ಹಿಡಿಯುತ್ತದೆ, ಎಷ್ಟು ಅಗಲದ ಟೈರ್ ಕೂರುತ್ತದೆ ಎಂಬ ಮೂರು ಮಾತು.

ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಂದೆ ಬರುವ ಆಯ್ಕೆಗಳೂ ಮೂರು. ಒಂದು, ಶಿಮಾನೊ ಕಂಪನಿಯ ಅಗ್ಗದ ಟೂರ್ನಿ ಗೇರಿನ ಹೊಸ ರೋಡ್ ಬೈಕ್: ಮುಂದೆ ಎರಡು ಹಲ್ಲುಗಾಲಿ, ಹಿಂದೆ ಏಳು. ಎರಡು, ಅದೇ ಕಂಪನಿಯ ಇನ್ನೂ ಮೇಲಿನ ದರ್ಜೆಯ ಕ್ಲಾರಿಸ್ ಗೇರಿನ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್: ಹಿಂದೆ ಎಂಟು. ಮೂರು, ನೇರ ಹ್ಯಾಂಡಲ್, ಡಿಸ್ಕ್ ಬ್ರೇಕ್ ಇರುವ ಹೊಸ ಹೈಬ್ರಿಡ್. ಗೇರಿಲ್ಲದ ಸಿಂಗಲ್ ಸ್ಪೀಡ್ ಈ ಜಿಲ್ಲೆಗಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಮೊದಲು ಗೇರು. ಟೂರ್ನಿ ಬೈಕುಗಳಲ್ಲಿ ಸಾಮಾನ್ಯವಾಗಿ ಮುಂದೆ 50/34 ಹಲ್ಲು, ಹಿಂದೆ 14ರಿಂದ 28. ಅತಿ ಚಿಕ್ಕ ಗೇರ್ ಎಂದರೆ 34ಕ್ಕೆ 28, ಅನುಪಾತ 1.21. ಪೆಡಲ್ ನಿಮಿಷಕ್ಕೆ 70 ಸುತ್ತು ತಿರುಗಿದರೆ ವೇಗ ಗಂಟೆಗೆ 10.7 ಕಿಲೋಮೀಟರ್. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 82 ಕೆಜಿ ಎಂದಿಟ್ಟುಕೊಳ್ಳಿ. ಶೇಕಡಾ 8ರ ಏರಿನಲ್ಲಿ ಆ ವೇಗ ಉಳಿಸಿಕೊಳ್ಳಲು ಕಾಲು 200 ವ್ಯಾಟ್‌ಗಿಂತ ಹೆಚ್ಚು ಕೊಡಬೇಕು. ಹೊಸಬರಿಗೆ ಅದು ಕೆಲವು ನಿಮಿಷದ ಮಾತು, ಘಾಟಿ ಪೂರ್ತಿ ಆಗುವ ಕೆಲಸವಲ್ಲ. ಸುತ್ತು 50ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ದೇಹದ ಭಾರ ಹಾಕಬೇಕಾಗುತ್ತದೆ, ಮೂರನೇ ವಾರಕ್ಕೆ ಮಂಡಿ ನೋವು ಶುರು. ಹಿಂದೆ 34 ಹಲ್ಲು ಇದ್ದರೆ ಅನುಪಾತ ಸರಿಯಾಗಿ 1. ಅದೇ 70 ಸುತ್ತಿಗೆ ವೇಗ 8.8, ಬೇಕಾದ ಶಕ್ತಿ ಸುಮಾರು 170 ವ್ಯಾಟ್. ಒಂದೊಂದು ತುಳಿತದ ಭಾರ ಶೇಕಡಾ 17ರಷ್ಟು ಹಗುರ. ಇದಕ್ಕೆ ಎದುರಾಗಿ, ಒಂದೂವರೆ ಕೆಜಿ ಹಗುರವಾದ ಸೈಕಲ್ ಕೊಂಡು ಉಳಿಸುವುದು ಒಟ್ಟು ಭಾರದಲ್ಲಿ ಶೇಕಡಾ 2 ಕೂಡ ಇಲ್ಲ. ತೂಕಕ್ಕೆ ಹೆಚ್ಚುವರಿ ದುಡ್ಡು ಸುರಿಯುವ ಮುಂಚೆ ಈ ಲೆಕ್ಕ ಒಮ್ಮೆ ಮಾಡಿ.

ಟೂರ್ನಿ ಬೈಕಿಗೆ 34 ಹಲ್ಲು ಕೂರಿಸಬಹುದು, ಆದರೆ ಫ್ರೀವೀಲ್ (ಹಿಂಚಕ್ರದ ಹಲ್ಲುಗಾಲಿಗಳ ಗುಚ್ಛ) ಒಂದನ್ನೇ ಬದಲಿಸಿದರೆ ಸಾಲದು. ಬೈಕಿನ ಜೊತೆ ಬರುವ ರೋಡ್ ಡಿರೈಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಭಾಗ) 28ಕ್ಕಿಂತ ದೊಡ್ಡ ಹಲ್ಲಿಗೆ ಮಾಡಿದ್ದಲ್ಲ, ಮೇಲಿನ ಪುಲ್ಲಿ ಹಲ್ಲಿಗೆ ತಾಗಿ ಕರಕರ ಎನ್ನುತ್ತದೆ. 14-34ರ ಏಳು ಗೇರಿನ ಫ್ರೀವೀಲ್, ಉದ್ದ ಕೇಜಿನ (ಚೈನ್ ಬಿಗಿ ಹಿಡಿಯುವ ತೋಳು ಉದ್ದವಿರುವ) ಆಲ್ಟಸ್ ಡಿರೈಲರ್, ಹೊಸ ಚೈನ್, ಮೂರೂ ಒಟ್ಟಿಗೆ ಹಾಕಿಸಿ. ಏಳೆಂಟು ಗೇರಿನ ಶಿಮಾನೊದಲ್ಲಿ ರೋಡ್ ಮತ್ತು ಎಂಟಿಬಿ (ಮೌಂಟನ್ ಬೈಕ್) ಹಿಂದಿನ ಡಿರೈಲರ್‌ಗಳು ಕೇಬಲ್ ಎಳೆತದಲ್ಲಿ ಒಂದೇ, ಆದ್ದರಿಂದ ಶಿಫ್ಟರ್ ಹಳೆಯದೇ ನಡೆಯುತ್ತದೆ. ಹಳೇ ಚೈನನ್ನೇ ಉಳಿಸಿಕೊಂಡರೆ ಮುಂದಿನ ದೊಡ್ಡದಕ್ಕೆ ಹಿಂದಿನ ದೊಡ್ಡದು ಹಾಕಿದ ಗಳಿಗೆಯಲ್ಲಿ ಚೈನ್ ಸಾಲದೆ ಡಿರೈಲರ್ ತೂಗುವ ಹ್ಯಾಂಗರ್ ಮುರಿಯುತ್ತದೆ. ಹಿಂದಿನ ಅತಿ ಚಿಕ್ಕದು 14 ಹಲ್ಲು ಎಂದು ಬೇಸರ ಬೇಡ. 50ಕ್ಕೆ 14 ಹಾಕಿ 90 ಸುತ್ತು ತುಳಿದರೆ ಗಂಟೆಗೆ ನಲವತ್ತು ಬರುತ್ತದೆ, ನಮ್ಮ ಇಳಿಜಾರುಗಳಲ್ಲಿ ಅದಕ್ಕೂ ಮೇಲೆ ತುಳಿಯುವ ಅಗತ್ಯವೇ ಇಲ್ಲ.

ಫ್ರೀವೀಲಿನ ಇನ್ನೊಂದು ತೊಂದರೆ ಹಿಂದಿನ ಆಕ್ಸಲ್. ಏಳು ಗೇರಿನ ಫ್ರೀವೀಲ್ ಚಕ್ರದ ನಡುವಿನ ಹಬ್ಬಿನ ಹೊರಗೆ ಕೂರುವುದರಿಂದ ಬಲಗಡೆಯ ಬೇರಿಂಗ್ ಒಳಗೇ ಉಳಿಯುತ್ತದೆ, ಆಚೆಗೆ ಆಧಾರವಿಲ್ಲದ ಆಕ್ಸಲ್ ಉದ್ದವಾಗಿ ಚಾಚಿಕೊಂಡಿರುತ್ತದೆ. ಸವಾರ 80 ಕೆಜಿ ದಾಟಿದ್ದು, ರಸ್ತೆ ಗುಂಡಿಯದಾದರೆ ಅದು ನಿಧಾನಕ್ಕೆ ಬಾಗುತ್ತದೆ. ಚಕ್ರದ ಬೆಂಡ್ ತೆಗೆಸಿದರೂ ಮತ್ತೆ ಓಲಾಡುತ್ತಿದ್ದರೆ ಆಕ್ಸಲ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಿ. ಕ್ಲಾರಿಸ್ ಬೈಕಿನಲ್ಲಿ ಇರುವುದು ಫ್ರೀಹಬ್, ಅಂದರೆ ತಿರುಗುವ ಯಂತ್ರ ಹಬ್ಬಿನಲ್ಲೇ ಸೇರಿರುತ್ತದೆ, ಬಲಗಡೆ ಬೇರಿಂಗ್ ಹೊರತುದಿಗೆ ಹತ್ತಿರ ಬರುತ್ತದೆ, ಈ ಕಾಯಿಲೆ ಇಲ್ಲ. ನಮ್ಮ ಮಟ್ಟಿಗೆ ಸೆಕೆಂಡ್ ಹ್ಯಾಂಡ್ ಕ್ಲಾರಿಸ್ ಗೆಲ್ಲುವುದಕ್ಕೆ ದೊಡ್ಡ ಕಾರಣ ಇದೇ.

ಶಿಫ್ಟರಿನಲ್ಲೂ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಟೂರ್ನಿಯ ಹೆಬ್ಬೆರಳ ಗುಂಡಿ ಹುಡ್ಡಿನ (ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹಿಡಿಕೆ) ಒಳಮಗ್ಗುಲಲ್ಲಿದೆ. ಇಳಿಜಾರಿನಲ್ಲಿ ಹ್ಯಾಂಡಲಿನ ಕೆಳಭಾಗ ಹಿಡಿದು ಕೂತಾಗ ಅದು ಎಟಕುವುದಿಲ್ಲ, ಗೇರ್ ಬದಲಿಸಲು ಕೈ ಮೇಲಕ್ಕೆ ತರಬೇಕು. ಕ್ಲಾರಿಸ್‌ನಲ್ಲಿ ಒಂದು ಕಡೆಗೆ ಗೇರ್ ಬದಲಿಸಲು ಬ್ರೇಕ್ ಲಿವರನ್ನೇ ಒಳಕ್ಕೆ ತಳ್ಳಬೇಕು, ಇನ್ನೊಂದು ಕಡೆಗೆ ಅದರ ಹಿಂದಿನ ಚಿಕ್ಕ ಕಡ್ಡಿ, ಹುಡ್ ಹಿಡಿದರೂ ಕೆಳಭಾಗ ಹಿಡಿದರೂ ಎರಡೂ ಬೆರಳಿಗೆ ಸಿಗುತ್ತವೆ. ಎದುರಿನಿಂದ ಬಸ್ಸು ಬರುವ ಹೇರ್‌ಪಿನ್ ತಿರುವಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಈಗ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ-ಆಗಸ್ಟ್ ನಡುವಿನ ಕಕ್ಕಡದ ದಿನಗಳಲ್ಲಿ, ತೋಟದಿಂದ ಹರಿದು ಬರುವ ಕೆಂಪು ಮಣ್ಣು ರಸ್ತೆಯ ಮೇಲೇ ಇರುತ್ತದೆ. ರಿಮ್ ಬ್ರೇಕಿನಲ್ಲಿ ಆ ಮಣ್ಣು ರಬ್ಬರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಉಪ್ಪುಕಾಗದದಂತೆ ಉಜ್ಜುತ್ತದೆ. ರಬ್ಬರ್ ತೆಗೆದು ನೋಡಿದರೆ ಅಲ್ಯೂಮಿನಿಯಮ್ ಚೂರು ಹೊಳೆಯುತ್ತಿರುತ್ತವೆ, ಸೂಜಿಯಲ್ಲಿ ಕಿತ್ತು ತೆಗೆಯದಿದ್ದರೆ ರಿಮ್ಮನ್ನೇ ತಿನ್ನುತ್ತವೆ. ಒದ್ದೆ ರಿಮ್ಮಿನಲ್ಲಿ ಬ್ರೇಕ್ ಒತ್ತಿದ ಮೇಲೆ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುವುದರಲ್ಲೇ ಹೋಗುತ್ತದೆ. ಆದ್ದರಿಂದ ತಿರುವಿಗೆ ಮುಂಚೆಯೇ ಮೆಲ್ಲಗೆ ಒತ್ತಿ ಒಣಗಿಸಿಕೊಂಡಿರಬೇಕು.

ಹೈಬ್ರಿಡ್ಡಿನ ಕೇಬಲ್ ಡಿಸ್ಕ್ ಇಲ್ಲಿ ನಿಜಕ್ಕೂ ಮೇಲು, ಆದರೆ ಅದಕ್ಕೂ ಆರೈಕೆ ಬೇಕು. ಕಡಿಮೆ ಬೆಲೆಯ ಡಿಸ್ಕಿನಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಒಳಗಿನದು ನಿಂತಲ್ಲೇ ಸವೆಯುತ್ತದೆ. ಬರೀ ಕೇಬಲ್ ಬಿಗಿ ಮಾಡುತ್ತಾ ಹೋದರೆ ರೋಟರ್ (ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಒಂದು ಕಡೆಗೆ ಬಾಗಿ ಬ್ರೇಕ್ ಸ್ಪಂಜಿನಂತಾಗುತ್ತದೆ. ಒಳಪ್ಯಾಡಿನ ತಿರುಪನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿರುಗಿಸಿ ಹತ್ತಿರ ತನ್ನಿ. ರೋಟರ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಲೋಹದ ಪ್ಯಾಡ್ ಹಾಕಬೇಡಿ, ರೋಟರ್ ಬೇಗ ಹಾಳಾಗುತ್ತದೆ. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗ ಒಂದು ಹನಿ ರೋಟರಿಗೆ ಬಿದ್ದರೂ ಪ್ಯಾಡ್ ಬದಲಿಸುವುದೇ ಗತಿ.

ಹೈಬ್ರಿಡ್ ಏರಿನಲ್ಲೂ ಸುಲಭ. ಮುಂದೆ 28, ಹಿಂದೆ 34 ಇದ್ದರೆ ಅನುಪಾತ 0.82, ಕೂತಲ್ಲೇ ಮಾತಾಡುತ್ತಾ ಹತ್ತಬಹುದು. ಘಾಟಿಯ ವೇಗದಲ್ಲಿ ಬಾಗಿದ ಹ್ಯಾಂಡಲಿಂದ ಗಾಳಿಯ ಲಾಭವೂ ಇಲ್ಲ. ಆ ಲಾಭ ಸಿಗುವುದು ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಬಯಲಿಗೆ ಇಳಿದ ಮೇಲೆ. ಅಲ್ಲಿ ಎದುರುಗಾಳಿಗೆ ನೇರ ಹ್ಯಾಂಡಲಿನಲ್ಲಿ ನೆಟ್ಟಗೆ ಕೂತವರು ಬೇಗ ಸೋಲುತ್ತಾರೆ, ಎರಡು ಗಂಟೆ ಕಳೆದರೆ ಅಂಗೈ ಜೋಮು ಹಿಡಿಯುತ್ತದೆ. ಸಸ್ಪೆನ್ಷನ್ ಫೋರ್ಕ್ ಇರುವ ಹೈಬ್ರಿಡ್ ಬೇಡವೇ ಬೇಡ. ಭಾರ, ಏರಿನಲ್ಲಿ ಕುಪ್ಪಳಿಸುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು.

ಟೈರಿನ ಮಾತಿಗೆ ಬಂದರೆ, 25 ಮಿಲಿಮೀಟರ್ ಇಲ್ಲಿಗೆ ಸಾಲದು. ಮರದ ನೆರಳಲ್ಲಿ ಡಾಂಬರಿನ ಅಂಚಿಗೆ ಪಾಚಿ, ಮೇಲೆ ಸಿಲ್ವರ್ ಓಕ್ ಎಲೆ, ಕಾಫಿ ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್ ಚೆಲ್ಲಿದ ಮಣ್ಣು. 28 ಕೂರುವ ಫ್ರೇಮ್ ಆರಿಸಿ, 70 ಕೆಜಿಯವರು 75 ಪಿಎಸ್‌ಐ ಹಾಕಿ, ಮಳೆಯಲ್ಲಿ ಐದು ಇಳಿಸಿ. ಹೈಬ್ರಿಡ್ಡಿನ 32ಕ್ಕೆ 55ರಿಂದ 60 ಸಾಕು. ಹಳೇ ರೋಡ್ ಬೈಕುಗಳ ಬ್ರೇಕ್ ಕ್ಯಾಲಿಪರ್ (ರಿಮ್ಮನ್ನು ಹಿಡಿಯುವ ಇಕ್ಕಳ) ಕೆಳಗೆ 28 ತಾಗಬಹುದು. ಗಾಳಿ ತುಂಬಿದ ಮೇಲೆ ಟೈರಿಗೂ ಕ್ಯಾಲಿಪರಿಗೂ ನಡುವೆ ಕನಿಷ್ಠ 4 ಮಿಲಿಮೀಟರ್ ಇರದಿದ್ದರೆ ಕೆಸರು ಕಟ್ಟಿ ಚಕ್ರ ನಿಲ್ಲುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಸ್ಟೀಲ್ ಸ್ಕೇಲ್ ಒಂದು ಜೇಬಿನಲ್ಲಿರಲಿ. ಚೈನಿನ ಒಂದು ಪಿನ್ನಿನ ಮಧ್ಯದಿಂದ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಮುಗಿದಿದೆ, ಎಂಟನೇ ಒಂದು ಭಾಗವಾದರೆ ಹಿಂದಿನ ಹಲ್ಲುಗಾಲಿಗಳ ಕ್ಯಾಸೆಟ್ಟೂ ಮುಗಿದಿದೆ. ಅದೇ ಸ್ಕೇಲನ್ನು ರಿಮ್ಮಿನ ಬ್ರೇಕ್ ಪಟ್ಟಿಯ ಮೇಲೆ ಆನಿಸಿ ಹಿಡಿಯಿರಿ. ಮಧ್ಯೆ ಬೆಳಕು ಕಂಡರೆ ರಿಮ್ ಒಳಕ್ಕೆ ಸವೆದಿದೆ, ಇಳಿಜಾರಿನಲ್ಲಿ ಬಿರಿಯುವ ಅಪಾಯವಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಸೀಟ್ ಪೋಸ್ಟ್ ಮೇಲೆ ಕೆಳಗೆ ಆಡುತ್ತದೆಯೇ ನೋಡಿ, ಕಚ್ಚಿಕೊಂಡಿದ್ದರೆ ಬಿಡಿಸುವುದು ಬಹಳ ಕಷ್ಟ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತಳ್ಳಿದಾಗ ಹ್ಯಾಂಡಲ್ ಬುಡದಲ್ಲಿ ಕಟ್ ಎಂದರೆ ಅಲ್ಲಿನ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲ. ವೆಲ್ಡ್ ಆದ ಕಡೆ ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೆ ವಾಪಸು ಬನ್ನಿ. ಹಿಂದಿನ ಡಿರೈಲರ್ ಗಿಡ್ಡ ಕೇಜಿನದೋ ಉದ್ದದ್ದೋ ಕೇಳಿ: ಆರ್2000 ಸರಣಿಯ ಉದ್ದ ಕೇಜ್ 34 ಹಲ್ಲು ನುಂಗುತ್ತದೆ, ಅದಕ್ಕೂ ಹಳೆಯ 2400 ಸರಣಿಯದು 32ರವರೆಗೆ.

ಸೈಜ್ ತಪ್ಪಿದ್ದರೆ ಇಷ್ಟೆಲ್ಲ ನೋಡಿದ್ದೂ ವ್ಯರ್ಥ. ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲಕ್ಕೆ ಅಳೆದು 0.883ರಿಂದ ಗುಣಿಸಿ. ಅದು ಪೆಡಲ್ ಅಕ್ಷದಿಂದಲ್ಲ, ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ. 80 ಸೆಂಟಿಮೀಟರ್ ಬಂದವರಿಗೆ 70.6. ಹ್ಯಾಂಡಲ್ ಸ್ವಲ್ಪ ದೂರವಾದರೆ ಅದನ್ನು ಹಿಡಿದಿರುವ ಸ್ಟೆಮ್ ಒಂದೆರಡು ಸೆಂಟಿಮೀಟರ್ ಗಿಡ್ಡ ಮಾಡಿಸಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಆ ಫ್ರೇಮ್ ನಿಮ್ಮದಲ್ಲ.

ನಮ್ಮ ತೀರ್ಮಾನ ಹೀಗೆ: ಸೈಜ್ ಹೊಂದುವ, ಉದ್ದ ಕೇಜಿನ ಕ್ಲಾರಿಸ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, 25 ಸಾವಿರ ಮೀರಬೇಡಿ. ಉಳಿದ ಐದು ಸಾವಿರ ಕ್ಯಾಸೆಟ್, ಚೈನ್, ಕೇಬಲ್, ಬ್ರೇಕ್ ರಬ್ಬರ್, 28ರ ಟೈರಿಗೆ ಬೇಕು. ಅದು ಸಿಗದೆ ಹೊಸದೇ ಬೇಕೆಂದರೆ, ಗೋಣಿಕೊಪ್ಪ, ವಿರಾಜಪೇಟೆ, ಸಿದ್ದಾಪುರದ ಕಡೆ ತೋಟದ ರಸ್ತೆಗಳಲ್ಲೇ ವರ್ಷಪೂರ್ತಿ ಓಡಾಡುವವರು ಫೋರ್ಕ್ ಗಟ್ಟಿ ಇರುವ ಹೈಬ್ರಿಡ್ ಕೊಳ್ಳಲಿ. ಮಳೆಗಾಲ ಬಿಟ್ಟು ಬರೀ ಡಾಂಬರಿನಲ್ಲಿ ದೂರ ಹೋಗುವವರಿಗೆ ಟೂರ್ನಿ ನಡೆಯುತ್ತದೆ, ಆದರೆ 34 ಹಲ್ಲಿನ ಖರ್ಚನ್ನು ಬೆಲೆಗೆ ಸೇರಿಸಿಯೇ ಹೋಲಿಸಿ.

ಯಾವುದೇ ಕೊಂಡರೂ ಮೊದಲ ದಿನವೇ 700ಸಿ ಟ್ಯೂಬ್ ಎರಡು ತೆಗೆದಿಡಿ. ಊರಿನ ಸೈಕಲ್ ಶಾಪಿನಲ್ಲಿ 28 ಇಂಚು ಎಂದು ಕೊಡುವುದು ಹಳೇ ಕಪ್ಪು ಸೈಕಲಿನ 635 ಮಿಲಿಮೀಟರ್ ರಿಮ್ಮಿನದು, ನಿಮ್ಮದು 622. ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವ್ ಆದರೆ ಹಿತ್ತಾಳೆಯ ಅಡಾಪ್ಟರನ್ನು ವಾಲ್ವಿಗೇ ತಿರುಪಿ ಇಟ್ಟುಬಿಡಿ, ಅದಿಲ್ಲದೆ ಪೆಟ್ರೋಲ್ ಬಂಕಿನ ಗಾಳಿ ಒಳಗೆ ಹೋಗುವುದಿಲ್ಲ.