ಸಣ್ಣ ಟ್ರೇಲರ್, ಸಹ್ಯಾದ್ರಿ ಮಳೆ: ಒಂದು ಮಳೆಗಾಲ ಬಳಸಿದ ಮೇಲೆ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಮಲಗಬಹುದಾದ ಇಂಥ ಕ್ಯಾಂಪಿಂಗ್ ಟ್ರೇಲರ್ ಕೊಳ್ಳುವ ಆಸೆ ಇದ್ದರೆ ಮೊದಲು ಅದನ್ನು ನಿಲ್ಲಿಸಲು ಜಾಗ ಹುಡುಕಿ. ಪುಣೆಯ ಸೊಸೈಟಿಗಳಲ್ಲಿ ಒಂದು ಫ್ಲ್ಯಾಟಿಗೆ ಒಂದು ಕಾರಿನ ಜಾಗ ಸಿಕ್ಕರೇ ಪುಣ್ಯ. ಗೇಟಿನಲ್ಲಿ ಇದನ್ನು ಕಂಡ ನಮ್ಮ ಸೆಕ್ರೆಟರಿ ಕಾಕಾ "ಹೇ ಕಾಯ್ ಆಣಲಂ?" (ಇದೇನು ತಂದಿರಿ?) ಅಂದರು. ಇದಕ್ಕೆ ಕಾರಿನ ಸ್ಟಿಕರ್ ಕೊಡಬೇಕೋ ಟೆಂಪೋದ್ದು ಕೊಡಬೇಕೋ ಎಂಬ ಚರ್ಚೆ ಮೀಟಿಂಗ್ ತನಕ ಹೋಯಿತು. ಈಗ ವಾಘೋಲಿ ಕಡೆ ಬಾಡಿಗೆ ಜಾಗದಲ್ಲಿ ನಿಂತಿದೆ. ಆ ಬಾಡಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಆರ್‌ಟಿಓದಲ್ಲಿ ಬೇರೆ ನೋಂದಣಿ, ಬೇರೆ ನಂಬರ್ ಪ್ಲೇಟು ಕೂಡ ಬೇಕು. ಕಾರಿನ ಆರ್‌ಸಿ ಸಾಲದು.

ಒಳಗೆ ಇಬ್ಬರು ಆರಾಮಾಗಿ ಮಲಗುವಷ್ಟು ಹಾಸಿಗೆ. ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆಮನೆ: ಒಂದು ಒಲೆ, ಪುಟ್ಟ ಸಿಂಕು, ನೀರಿನ ಕ್ಯಾನು. ಸ್ನಾನ, ಸಂಡಾಸು ಇಲ್ಲ. ಹಾಸಿಗೆ ಮಾತ್ರ ಅದ್ಭುತ, ಮನೆಯದಕ್ಕಿಂತ ಚೆನ್ನಾಗಿ ನಿದ್ದೆ ಬರುತ್ತದೆ.

ಎಳೆಯುವುದು ಅಂದುಕೊಂಡಷ್ಟು ಕಷ್ಟವಿಲ್ಲ, ಸಾಮಾನು ಸರಿಯಾಗಿ ಹೇರಿದರೆ. ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಭಾರ ಮುಂದೆ ಹಿಚ್ (ಕಾರಿಗೆ ಸಿಕ್ಕಿಸುವ ಕೊಂಡಿ) ಮೇಲೆ ಬೀಳಬೇಕು. ನಾನು ಮನೆಯ ತೂಕದ ಮಷಿನ್ನನ್ನೇ ಹಿಚ್ ಕೆಳಗಿಟ್ಟು, ಮೇಲೊಂದು ಮರದ ತುಂಡು ಕೊಟ್ಟು ನೋಡುತ್ತೇನೆ. ನೀರಿನ ಕ್ಯಾನು, ಸಿಲಿಂಡರ್ ಎಲ್ಲ ಹಿಂದೆ ತುಂಬಿದರೆ ವೇಗದಲ್ಲಿ ಟ್ರೇಲರಿನ ಬಾಲ ಆಡಲು ಶುರು. ಅಂಬೋಲಿ ಘಾಟ್ ಇಳಿಯುವಾಗ ಎರಡನೇ ಗೇರು, ಅಷ್ಟೇ. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡಕ್ಕೇ ಅದರ ಬ್ರೇಕು ಹಿಡಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಹೀಗೆ ಹಿಡಿದುಕೊಂಡೇ ಇದ್ದರೆ ಬ್ರೇಕು ಬಿಸಿಯಾಗುತ್ತದೆ. ನಡುವೆ ನಿಲ್ಲಿಸಿ ಚಹಾ ಕುಡಿಯಿರಿ.

ರಿವರ್ಸ್ ಬೇರೆಯೇ ಕಥೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಸಣ್ಣದಾದಷ್ಟೂ ಬೇಗ ಮಡಚಿಕೊಳ್ಳುತ್ತದೆ, ಕೆಲವೊಮ್ಮೆ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಸ್ಟೀರಿಂಗಿನ ಕೆಳಭಾಗ ಹಿಡಿದು, ಟ್ರೇಲರ್ ಹೋಗಬೇಕಾದ ಕಡೆಗೇ ಕೈ ಸರಿಸಿ. ಇಲ್ಲವೇ ಹಿಚ್ ಬಿಚ್ಚಿ ಇಬ್ಬರೂ ಇಳಿದು ತಳ್ಳಿ. ನಾವು ಎರಡನೆಯದನ್ನೇ ಜಾಸ್ತಿ ಮಾಡುವುದು.

ಇನ್ನು ಮಳೆ. ತಾಮ್ಹಿಣಿ ಘಾಟಿನಲ್ಲಿ ಒಂದು ರಾತ್ರಿ ಸುಮ್ನೆ ಕಿಟಕಿ ಮುಚ್ಚಿ ಮಲಗಿದ್ದೆವು. ಬೆಳಿಗ್ಗೆ ಏಳುವಾಗ ಅಲ್ಯೂಮಿನಿಯಂ ಚೌಕಟ್ಟಿನಿಂದ ನೀರು ಇಳಿಯುತ್ತಿತ್ತು. ಸೋರಿಕೆಯಲ್ಲ, ನಮ್ಮದೇ ಉಸಿರು ತಣ್ಣಗಿನ ಲೋಹಕ್ಕೆ ತಾಗಿ ನೀರಾದದ್ದು. ಚಾವಣಿಯ ಗಾಳಿಕಿಂಡಿ ಬೆರಳಷ್ಟು ತೆರೆದಿಟ್ಟ ಮೇಲೆ ಇದು ಕಮ್ಮಿಯಾಯಿತು. ಅಡುಗೆಮನೆ ಬಾಗಿಲದ್ದು ಮಾತ್ರ ನಿಜವಾದ ಸೋರಿಕೆ. ಬಾಗಿಲಿನ ಸುತ್ತ ನೀರು ತಡೆಯಲು ಕೂರಿಸಿದ ರಬ್ಬರಿನ ಎರಡು ತುದಿ ಸೇರುವ ಜಾಗ ಕೆಳಗಡೆ ಬಂದಿದೆ. ನೀರು ನಿಲ್ಲುವುದೂ ಅಲ್ಲೇ. ಜುಲೈ ಮುಗಿಯುವಷ್ಟರಲ್ಲಿ ಕೆಳಗಿನ ಪ್ಲೈವುಡ್ ಹಪ್ಪಳದ ಹಾಗೆ ಉಬ್ಬಿತು, ಹಾಸಿಗೆಯ ತಳಕ್ಕೆ ಬೂಷ್ಟು ಹಿಡಿಯಿತು. ಕಟ್ಟಿಕೊಟ್ಟವರಿಗೆ ಫೋನ್ ಮಾಡಿದರೆ "ಮಳೆಯಲ್ಲಿ ಯಾರು ಸರ್ ಕ್ಯಾಂಪಿಂಗ್ ಹೋಗ್ತಾರೆ?" ಅಂದರು. ಪುಣೆಯವರು ಊರು ಬಿಟ್ಟು ಘಾಟ್ ಹತ್ತುವುದೇ ಮಳೆಗೆ, ಅಲ್ವಾ! ಕೊನೆಗೆ ಬಸ್ ಬಾಡಿ ಕಟ್ಟುವ ಮಿಸ್ತ್ರಿಯೊಬ್ಬರು ಜೋಡಣೆಯನ್ನು ಮೇಲ್ಗಡೆಗೆ ತಿರುಗಿಸಿ ಹೊಸ ರಬ್ಬರ್ ಕೂರಿಸಿದರು. ಅಂದಿನಿಂದ ಹನಿ ನೀರಿಲ್ಲ.

ಕರೆಂಟಿಗೆ 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ. ಲೆಕ್ಕಕ್ಕೆ ಸುಮಾರು ಒಂದೂಕಾಲು ಯೂನಿಟ್. ಫ್ಯಾನು, ದೀಪ, ಮೊಬೈಲಿಗೆ ಧಾರಾಳ. ಎಸಿ ಹಾಕಿಸುವ ಯೋಚನೆ ಇದ್ದರೆ ಬಿಡಿ, ತಾಸೆರಡು ತಾಸಿಗೆ ಖಾಲಿ.

ಗೋವಾಕ್ಕೂ ಒಯ್ದಿದ್ದೆವು. ಬೀಚಿನಲ್ಲಿ ಬಾಗಿಲೆತ್ತಿ ಮೀನು ಹುರಿಯುವ ಕನಸು ಬೇಡ, ಅಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ ದಂಡ. ಮಹಾರಾಷ್ಟ್ರ ಸರ್ಕಾರ 2021ರಲ್ಲೇ ಕ್ಯಾರವಾನ್ (ಇಂಥ ಮಲಗುವ ಗಾಡಿ) ಪ್ರವಾಸದ ನೀತಿ ತಂದಿದೆ. ರಸ್ತೆಯಲ್ಲಿ ನಮಗೆ ಜಾಗ, ನೀರು, ಪ್ಲಗ್ ಪಾಯಿಂಟ್ ಕೊಟ್ಟವರು ಮಾತ್ರ ಢಾಬಾದವರೇ. ಊಟ ಅಲ್ಲೇ ಮಾಡಿದರೆ ಬಾಡಿಗೆ ಕೇಳುವುದಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ರಬ್ಬರ್ ಮೊದಲೇ ಸರಿ ಕೂರಿಸಿದ್ದರೆ ನಾಲ್ಕು ಕೊಡುತ್ತಿದ್ದೆ. ಡೆಲಿವರಿ ತೆಗೆದುಕೊಳ್ಳುವ ದಿನ ಒಂದು ಪೈಪು ಕೇಳಿ, ಬಾಗಿಲಿನ ಮೇಲೆ ಹತ್ತು ನಿಮಿಷ ನೀರು ಬಿಟ್ಟು ನೋಡಿ. ಆಮೇಲೇ ಬಾಕಿ ದುಡ್ಡು ಕೊಡಿ.