ಪಾಠ ಚೆನ್ನಾಗಿದೆ, ಪಾಠದ ಬೆನ್ನಿಗೇ ಬೀಚ್ ಬೇಡ: ಕಾರವಾರದ ಒಂದು ನಾಯಿ ಬೋರ್ಡಿಂಗ್

ಐದಕ್ಕೆ ಮೂರೂವರೆ ಸ್ಟಾರು. ಎರಡು ಕೊಡುವ ಸಿಟ್ಟಿನಲ್ಲಿದ್ದೆ, ಎರಡನೇ ಸಲ ಹೋಗಿ ಬಂದ ಮೇಲೆ ಒಂದೂವರೆ ಸೇರಿಸಿದೆ. ಹೆಸರು ಹಾಕುವುದಿಲ್ಲ. ಕಾರವಾರ ಸಣ್ಣ ಊರು. ದೂರು ಹೇಳಿದವರೂ ಹೇಳಿಸಿಕೊಂಡವರೂ ಸಂಜೆ ಒಂದೇ ತರಕಾರಿ ಅಂಗಡಿಯಲ್ಲಿ ಸಿಗುತ್ತೇವೆ. ಊರಿನ ಹೊರಗೆ, ತೆಂಗಿನ ತೋಟದೊಳಗಿನ ಜಾಗ ಅಂದರೆ ನಾಯಿ ಸಾಕಿದವರಿಗೆ ಗೊತ್ತಾಗುತ್ತದೆ.

ನಮ್ಮ ಗುಂಡ ಎರಡು ವರ್ಷದ ಊರ ನಾಯಿ. ನಾವು ಶಿರಸಿ ಕಡೆಯವರು, ಮನೆಯಲ್ಲಿ ಮೀನು ಬರುವುದಿಲ್ಲ. ಅದಕ್ಕೇ ಇರಬೇಕು, ಗುಂಡನಿಗೆ ಮೀನು ಅಂದರೆ ಪ್ರಾಣ. ಕೋಡಿಬಾಗದ ನಮ್ಮ ಓಣಿಯಲ್ಲಿ ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಹೆಂಗಸಿನ ಬಂಗಡೆ ಎಗರಿಸಿ ಎಗರಿಸಿ, ತಿಂಗಳ ಕೊನೆಗೆ ನಾನು ತಿನ್ನದ ಮೀನಿಗೆ ಲೆಕ್ಕ ಕೊಡುವ ಸ್ಥಿತಿ ಬಂದಿತ್ತು. "ಏನ್ ಬಾಯಿ, ನಿಮ್ದೇ ಪಸ್ಟ್ ಗಿರಾಕಿ" ಅಂತ ಅವಳು ನಗುತ್ತಿದ್ದಳು. ಹಾಗಾಗಿ ಅವನು ಕಲಿಯಬೇಕಿದ್ದದ್ದು ಒಂದೇ ಶಬ್ದ: "ಬಿಡು".

ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಹತ್ತು ದಿನ ಬಿಟ್ಟೆವು. ಊಟ, ವಸತಿ, ಪಾಠ ಎಲ್ಲ ಸೇರಿ ಆರು ಸಾವಿರ. ಜಾಗದ ಬಗ್ಗೆ ತಕರಾರಿಲ್ಲ. ಗೂಡುಗಳು ಒಣಗಿದ್ದವು, ಫಿನಾಯಿಲ್ ನಾತ ಮೂಗಿಗೆ ಹೊಡೆಯುತ್ತಿರಲಿಲ್ಲ, ಮಲಗಲಿಕ್ಕೆ ನಾರಿನ ಚಾಪೆ. ಕಲಿಸುವ ಹುಡುಗ ಅಂಕೋಲಾ ಕಡೆಯವನು. ಕೈಯಲ್ಲಿ ಕೋಲಿಲ್ಲ, ದನಿ ಏರಿಸುವುದಿಲ್ಲ. ಮೂರನೇ ದಿನವೇ ವಾಟ್ಸಾಪಿನಲ್ಲಿ ವಿಡಿಯೋ ಬಂತು. ಗುಂಡನ ಬಾಯಲ್ಲಿ ಬಿಸ್ಕತ್ತು. ಹುಡುಗ "ಬಿಡು" ಅಂದ. ಗುಂಡ ಒಂದು ಕ್ಷಣ ಅವನ ಮುಖ ನೋಡಿದ, ಬಿಸ್ಕತ್ತು ನೆಲಕ್ಕಿಟ್ಟ, ಆಮೇಲೆ ಮೂಗಿನಿಂದ ಅದನ್ನು ತುಸು ಮುಂದೆ ತಳ್ಳಿದ. ಆ ತಳ್ಳಿದ್ದನ್ನು ನಾವು ಮನೆಯವರೆಲ್ಲ ಹತ್ತು ಸಲ ನೋಡಿದೆವು.

ಮನೆಗೆ ಕರೆದುಕೊಂಡು ಬಂದ ಮರುದಿನ ಬೆಳಿಗ್ಗೆಯೇ ಬಂಗಡೆ ಹೋಯಿತು. ನಾನು ಗೇಟಿನಲ್ಲಿ ನಿಂತು "ಬಿಡು, ಬಿಡು" ಅಂತ ಕೂಗಿದ್ದು ಬೀದಿಗೆಲ್ಲ ಕೇಳಿತು, ಗುಂಡನಿಗೊಬ್ಬನಿಗೆ ಕೇಳಲಿಲ್ಲ. "ಇದ್ಕೆ ಎಂತದೂ ನೆನಪಿಲ್ಲೆ ಮಾರಾಯ್ತಿ" ಅಂದರು ಆಯಿ. ಬಿಸ್ಕತ್ತು ಕೊಟ್ಟು ನೋಡಿದೆ. ನುಂಗಿದ. ನೆನಪಿದ್ದದ್ದು ಒಂದೇ, ಬೋರ್ಡಿಂಗಿನವರ ಓಮ್ನಿ ವ್ಯಾನಿನ ಹಾರ್ನ್. ಅಂಥ ಸದ್ದು ಬೀದಿಯಲ್ಲಿ ಎಲ್ಲಿ ಕೇಳಿದರೂ ಗೇಟಿಗೆ ಹಾರಿ ನಿಲ್ಲುತ್ತಿದ್ದ.

ಆ ಓಮ್ನಿಯ ಕಥೆ ಕೇಳಿ. ಅವರ ವೇಳಾಪಟ್ಟಿ ಹೀಗಿತ್ತು: ಏಳಕ್ಕೆ ಇಪ್ಪತ್ತು ನಿಮಿಷ ಪಾಠ. ಏಳೂವರೆಗೆ ಎಲ್ಲ ನಾಯಿಗಳನ್ನೂ ಓಮ್ನಿಗೆ ತುಂಬಿ ಬೀಚಿಗೆ. ಒಂದು ದಿನ ಟ್ಯಾಗೋರ್ ಬೀಚ್, ಮರುದಿನ ಮಾಜಾಳಿ, ಇನ್ನೊಂದು ದಿನ ದೇವಬಾಗ. ದಿನಕ್ಕೊಂದು ಹೊಸ ಜಾಗ, ಯಾಕಂದರೆ ಫೋಟೋ ಚೆನ್ನಾಗಿ ಬರುತ್ತದೆ. ಅಲ್ಲೇ ಮರಳಿನ ಮೇಲೆ ಎರಡನೇ ಪಾಠ: ಶೇಕ್‌ಹ್ಯಾಂಡ್, ಉರುಳುವುದು, ಟೈರಿನೊಳಗೆ ಹಾರುವುದು. ನಾವೂ ಸುಮ್ನೆ ಫೋಟೋ ನೋಡಿ ಹಾರ್ಟು ಒತ್ತುತ್ತಿದ್ದೆವು ಅನ್ನಿ.

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ತಲೆಗೆ ಹುಳ ಬಿಟ್ಟ ಹಾಗಾಗಿ ಓದಲು ಕೂತೆ. ಕಲಿತದ್ದು ಕಲಿತ ಕೂಡಲೇ ಗಟ್ಟಿಯಾಗುವುದಿಲ್ಲ, ಅದಕ್ಕೆ ಹೊತ್ತು ಬೇಕು. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬರ್ನಾರ್ಡ್ ಅಗ್ರಾನಾಫ್ ಗೋಲ್ಡ್‌ಫಿಶ್‌ಗಳಿಗೆ ಪಾಠ ಕಲಿಸಿ, ಮಿದುಳಿನಲ್ಲಿ ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಮದ್ದು ಚುಚ್ಚಿದರು. ಪಾಠ ಮುಗಿದ ಕೂಡಲೇ ಚುಚ್ಚಿದರೆ ಕೆಲ ದಿನದ ಮೇಲೆ ಮೀನಿಗೆ ಪಾಠ ನೆನಪಿಲ್ಲ. ಒಂದು ಗಂಟೆ ಬಿಟ್ಟು ಚುಚ್ಚಿದರೆ ನೆನಪಿದೆ. ನೆನಪು ಗಟ್ಟಿಯಾಗುವ ಮುಖ್ಯ ಕೆಲಸ ನಡುವಿನ ಆ ಹೊತ್ತಿನಲ್ಲಿ ನಡೆಯುತ್ತದೆ. ಆಯಿಗೆ ಇದನ್ನು ಹೇಳಿದ್ದಕ್ಕೆ, "ಸಗಣಿ ಬಳಿದ ಅಂಗಳ ಒಣಗುವ ಮೊದಲೇ ಕರು ಬಿಟ್ಟ ಹಾಂಗೆ" ಅಂದರು. ಕ್ಲಾಸಿನಲ್ಲಿ ಈಗ ಅದನ್ನೇ ಹೇಳುತ್ತೇನೆ.

ಆ ಕೆಲಸ ಕೆಡಿಸಲು ಮದ್ದೇ ಬೇಕೆಂದಿಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಇವಾನ್ ಇಜ್ಕಿಯೆರ್ಡೊ ಮತ್ತು ಜೊತೆಯವರು ಇಲಿಗಳಲ್ಲಿ ಇದನ್ನು ವರ್ಷಗಟ್ಟಲೆ ನೋಡಿದರು. ಮಣೆಯಂಥ ಸಣ್ಣ ಕಟ್ಟೆಯ ಮೇಲೆ ಇಲಿ. ಕೆಳಗಿಳಿದರೆ ಕಾಲಿಗೆ ಸಣ್ಣ ಕರೆಂಟ್. ಮರುದಿನ ಅದೇ ಮಣೆಯ ಮೇಲೆ ಬಿಟ್ಟರೆ ಇಲಿ ಇಳಿಯಲು ಹಿಂದೆಮುಂದೆ ನೋಡುತ್ತದೆ, ಪಾಠ ಉಳಿದಿದೆ ಅಂತ ಅರ್ಥ. ಆದರೆ ಪಾಠವಾಗಿ ಗಂಟೆಯೊಳಗೆ ಅದನ್ನು ಒಂದು ಹೊಸ ಜಾಗದಲ್ಲಿ ಸ್ವಲ್ಪ ಹೊತ್ತು ಓಡಾಡಲು ಬಿಟ್ಟರೆ ಮರುದಿನ ಥಟ್ಟನೆ ಇಳಿದುಬಿಡುತ್ತದೆ. ಹೊಡೆತ ಇಲ್ಲ, ಹೆದರಿಕೆ ಇಲ್ಲ, ಸುಮ್ನೆ ಒಂದು ಹೊಸ ಜಾಗ ಅಷ್ಟೆ. ಆ ಜಾಗ ಮೊದಲೇ ಪರಿಚಯ ಇದ್ದರೆ ತೊಂದರೆಯಿಲ್ಲ. ಇದನ್ನು ಓದುವಾಗ ನನಗೆ ಮಾಜಾಳಿಯ ಫೋಟೋ ನೆನಪಾಯಿತು. ಎಷ್ಟು ಖುಷಿಯಾಗಿತ್ತು ಗುಂಡನ ಮುಖ!

ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 2019ರಲ್ಲಿ ಬಸವನಹುಳುಗಳ ಮೇಲೆ ನಡೆದ ಕೆಲಸ ಇನ್ನೂ ಸ್ವಾರಸ್ಯ. ಒಂದು ಪಾಠ ಕಲಿಸಿ ಇನ್ನೊಂದು ಕಲಿಸಿದರೆ ಯಾವುದು ಉಳಿಯುತ್ತದೆ ಅನ್ನುವುದು ಹೊತ್ತಿನ ಮೇಲೆ ಹೋಗುತ್ತದಂತೆ. ಮೊದಲ ನೆನಪು ಗಟ್ಟಿಯಾಗುವ ದಾರಿಯಲ್ಲಿ ನಡುನಡುವೆ ಸಡಿಲವಾಗುತ್ತದೆ. ಆಗ ಎರಡನೇ ಪಾಠ ಬಂದರೆ ಹಳೆಯದು ಹೋಯಿತು. ಬೇರೆ ಹೊತ್ತಿನಲ್ಲಿ ಬಂದರೆ ಹಳೆಯದೇ ಗೆದ್ದು ಹೊಸದನ್ನು ಕೂರಲು ಬಿಡುವುದಿಲ್ಲ. ಎರಡೂ ಪಾಠಕ್ಕೆ ಮಿದುಳಿನ ಬೇರೆಬೇರೆ ಜಾಲ ಬಳಕೆಯಾದರೆ ಜಗಳವೇ ಇಲ್ಲ.

ಇಷ್ಟು ಓದಿಕೊಂಡು ಮಾಲೀಕರ ಹತ್ತಿರ ಹೋದೆ. ಜಗಳಕ್ಕೇ ಹೋಗಿದ್ದೆ ಅನ್ನಿ. ಅವರು ಚಾ ತರಿಸಿದರು. ಆಮೇಲೆ, "ಮೇಡಂ, ಪಾಠ ಆದ್ಮೇಲೆ ಆಟ ಆಡಿಸಿದ್ರೆ ನೆನಪು ಜಾಸ್ತಿ ಉಳೀತದೆ ಅಂತ ರಿಸರ್ಚ್ ಇದೆ" ಅಂದರು. ನನಗೆ ನಗು ಬಂತು. ಮನೆಗೆ ಬಂದು ಹುಡುಕಿದರೆ, ಇದೆ! 2017ರದು. 16 ಲ್ಯಾಬ್ರಡಾರ್‌ಗಳು. ಪಾಠದ ಮೇಲೆ ಅರ್ಧ ಗಂಟೆ ಆಟವಾಡಿದವು ಮರುದಿನ ಅದೇ ಪಾಠವನ್ನು ಬೇಗ ಹಿಡಿದವು, ಸುಮ್ಮನೆ ಮಲಗಿದ್ದವಕ್ಕೆ ಜಾಸ್ತಿ ಸಲ ಹೇಳಿಕೊಡಬೇಕಾಯಿತು.

ಹಾಗಾದರೆ ತಪ್ಪು ಯಾರದು? ನನ್ನ ಲೆಕ್ಕ ಹೀಗಿದೆ. ಆ ರಿಸರ್ಚಿನಲ್ಲಿ ಆಟ ಅಂದರೆ ನಡೆದುಕೊಂಡು ಹೋಗಿ, ಚೆಂಡು ತಂದುಕೊಟ್ಟು, ನಡೆದುಕೊಂಡು ಬರುವುದು. ನಾಯಿಗೆ ಗೊತ್ತಿರುವ ಆಟ. ಹೊಸದಾಗಿ ಕಲಿಯುವಂಥದ್ದು ಅದರಲ್ಲಿ ಜಾಸ್ತಿ ಇಲ್ಲ. ನಮ್ಮ ಓಮ್ನಿಯಲ್ಲಿ ಇದ್ದದ್ದು ಹೊಸ ಕಡಲತೀರ, ಹೊಸ ನಾಯಿಗಳು, ಅದರ ಮೇಲೆ ಟೈರ್ ಹಾರುವ ಹೊಸ ಪಾಠ. ಖುಷಿ ಬೇರೆ, ಹೊಸತು ಬೇರೆ. ಅವರ ಮಾತು ಅರ್ಧ ಸರಿ, ನನ್ನದೂ ಅರ್ಧ ಸರಿ. ಚಾ ಮಾತ್ರ ಪೂರ್ತಿ ಚೆನ್ನಾಗಿತ್ತು.

ದಸರಾ ರಜೆಯಲ್ಲಿ ಮತ್ತೆ ಆರು ದಿನ ಬಿಟ್ಟೆ. ಒಂದೇ ಷರತ್ತು ಹಾಕಿದೆ: ಬೀಚ್ ಮೊದಲು, ಪಾಠ ಆಮೇಲೆ. ಎಂಟಕ್ಕೆ ಹೋಗಲಿ, ಹತ್ತಕ್ಕೆ ಬರಲಿ, ನೀರು ಕುಡಿದು ದಣಿವಾರಲಿ, ಹನ್ನೊಂದಕ್ಕೆ "ಬಿಡು", ಆಮೇಲೆ ಊಟದವರೆಗೆ ಗೂಡು. ಟೈರು ಬೇಡ, ಶೇಕ್‌ಹ್ಯಾಂಡೂ ಬೇಡ. ಅಂಕೋಲಾ ಹುಡುಗ, "ಬೋರ್ ಆಗ್ತದೆ ಅವನಿಗೆ" ಅಂದ. ಆಗಲಿ ಅಂದೆ. ಪಾಪ, ಅವನು ಒಪ್ಪಿದ. ಮಾಲೀಕರೂ ಒಪ್ಪಿ ಮಾಡಿದ್ದಕ್ಕೇ ಆ ಒಂದೂವರೆ ಸ್ಟಾರು.

ಇದನ್ನು ಪ್ರಯೋಗ ಅಂತ ನನ್ನ ವಿದ್ಯಾರ್ಥಿ ಬರೆದು ತಂದರೆ ಸೊನ್ನೆ ಕೊಡುತ್ತೇನೆ. ಒಂದೇ ನಾಯಿ, ಎರಡನೇ ಸಲದ ಪಾಠ, ವಯಸ್ಸೂ ಐದು ತಿಂಗಳು ಜಾಸ್ತಿ. ಆದರೂ ಬಂದ ಮರುದಿನ ಬೆಳಿಗ್ಗೆ ಏನಾಯಿತು ಅಂತ ಹೇಳಲೇಬೇಕು. ಬುಟ್ಟಿ ಇಳಿಯಿತು. ಗುಂಡ ಬಂಗಡೆಯ ಬಾಲ ಕಚ್ಚಿದ. "ಬಿಡು" ಅಂದೆ, ಕೂಗದೆ. ನನ್ನ ಮುಖ ನೋಡಿದ. ಅವಳ ಮುಖ ನೋಡಿದ. ನೆಲಕ್ಕಿಟ್ಟ, ಮೂಗಿನಿಂದ ಅವಳ ಕಡೆ ತುಸು ತಳ್ಳಿದ. ಅವಳು ಆ ಮೀನನ್ನು ಎತ್ತಿ ಅವನಿಗೇ ಕೊಟ್ಟುಬಿಟ್ಟಳು. ದುಡ್ಡು ಬೇಡ ಬಾಯಿ, ಅಂದಳು.

ಹೋಗುವವರಿಗೆ ಒಂದೆರಡು ಮಾತು. ವೇಳಾಪಟ್ಟಿ ಬದಲಿಸಿ ಅಂತ ನೀವೇ ಕೇಳಬೇಕು, ತಾವಾಗಿ ಮಾಡುವುದಿಲ್ಲ. ಒಂದು ವಾರಕ್ಕೆ ಒಂದೇ ಪಾಠ ಹೇಳಿ, ಪ್ಯಾಕೇಜಿನಲ್ಲಿ ಐದು ಇದೆ ಅಂತ ಆಸೆ ಬೀಳಬೇಡಿ. ಫೋಟೋ ಕಡಿಮೆ ಬರುತ್ತದೆ, ಸಹಿಸಿಕೊಳ್ಳಿ. ಚೌತಿ ಹೊತ್ತಿಗೆ ಗೂಡು ಖಾಲಿ ಇರುವುದಿಲ್ಲ, ತಿಂಗಳ ಮೊದಲೇ ಫೋನ್ ಮಾಡಿ. ರೇಬೀಸ್ ಲಸಿಕೆಯ ಕಾರ್ಡ್ ತೆಗೆದುಕೊಂಡು ಹೋಗಿ, ಅದಿಲ್ಲದೆ ಗೇಟ್ ತೆರೆಯುವುದಿಲ್ಲ.